ಪಕ್ಕದವರ ಉತ್ತರ ಬರುವವರೆಗೆ

ವಿಮಾನ ಕಲಿಕಾಮನೆ, ಕಲಬುರಗಿ
ಫೆಬ್ರವರಿ ಮೂವತ್ತು, ೨೧೮೭

ಈಗಷ್ಟೇ ಕೆಲಸದ ಆದೇಶ ಕೈಗೆ ಬಂದಿರುವ ಹೊಸ ಪೈಲಟ್‌ಗಳಿಗೆ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ ರಜೆ ಮಾಡಿಕೊಂಡಿದ್ದೇವೆ. ಈ ಕಾಗದ ಹಿಂದಿನ ಕಾಲದ ನಿಮಗೆ ಹೇಗೆ ತಲುಪಿತೆಂದು ಕೇಳಬೇಡಿ, ಅದು ಅಂಚೆಯವರಿಗೇ ಸರಿಯಾಗಿ ಗೊತ್ತಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ಜಗದೇವಿ ಕಟ್ಟಿಮನಿ. ಹೊಸ ಪೈಲಟ್‌ಗಳಿಗೆ ವಿಮಾನ ಕಲಿಸುವುದು ನನ್ನ ಕೆಲಸ. ಇದಕ್ಕಿಂತ ದೊಡ್ಡ ಹುದ್ದೆ ಕೊಡುತ್ತೇವೆಂದರೂ ನಾನು ಒಲ್ಲೆ.

ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಬಹಳ ಬದಲಾಗಿದೆ. ವಿಮಾನಗಳು ಈಗ ಪಾಚಿಯೆಣ್ಣೆ ಕುಡಿಯುತ್ತವೆ, ಹಾಗಾಗಿ ರನ್‌ವೇ ಸುತ್ತಮುತ್ತ ಕೆರೆದಂಡೆಯ ವಾಸನೆ. ಆದರೆ ಕಲಿಕೆ ಮಾತ್ರ ಅಂದಿನಂತೆಯೇ ಇದೆ ಎಂದು ಕೇಳಿದ್ದೇನೆ. ಮೊದಲ ದಿನಗಳಲ್ಲಿ ನಿಮಗೆ ವಿಮಾನದ ಬಾಲವೂ ಕಾಣಿಸುವುದಿಲ್ಲ. ಕಂಪನಿಯ ನಿಯಮ ಓದಿಸುತ್ತಾರೆ, ಬೆಂಕಿ ಆರಿಸುವುದನ್ನು ಕಲಿಸುತ್ತಾರೆ, ತೇಲಂಗಿ, ಅಂದರೆ ನಿಮ್ಮ ಲೈಫ್ ಜಾಕೆಟ್, ತೊಡಿಸಿ ಕೊಳಕ್ಕೆ ಇಳಿಸುತ್ತಾರೆ. ಆಮೇಲೆ ಎಂಜಿನ್, ವಿದ್ಯುತ್ತು, ಚಕ್ರ, ರೆಕ್ಕೆ ಎಂದು ತಲೆ ಗಿರ್ರೆನ್ನುವಷ್ಟು ಪಾಠ. ಊಟದ ಹೊತ್ತಿಗೆ ನಮ್ಮ ಹುಡುಗರು ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟುಕೊಂಡು ಎಣ್ಣೆ ಪಂಪುಗಳ ಹೆಸರನ್ನೇ ಗುನುಗುತ್ತಿರುತ್ತಾರೆ. ಅದನ್ನು ನೋಡಿದರೆ ನನಗೆ ನಗೆಯೂ ಬರುತ್ತದೆ, ಅಕ್ಕರೆಯೂ ಬರುತ್ತದೆ.

ನಂತರ ಬರುವುದು ಕಾಗದದ ಗೂಡು. ಕಾಕ್‌ಪಿಟ್ಟಿನ ಗುಂಡಿ, ಹಿಡಿಕೆಗಳ ಚಿತ್ರವನ್ನು ನಿಜವಾದ ಅಳತೆಯಲ್ಲಿ ಗೋಡೆಗೆ ಅಂಟಿಸಿ, ಮುಂದೆ ಎರಡು ಕುರ್ಚಿ ಹಾಕುತ್ತೇವೆ. ಕಣ್ಣು ಮುಚ್ಚಿದರೂ ಕೈ ಸರಿಯಾದ ಜಾಗಕ್ಕೆ ಹೋಗುವವರೆಗೆ ಅಲ್ಲೇ ಅಭ್ಯಾಸ. ಅದಾದ ಮೇಲೆ ಹುಸಿವಿಮಾನ, ಅಂದರೆ ನಿಮ್ಮ ಸಿಮ್ಯುಲೇಟರ್. ಅದರಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿ, ಇರುವ ವಿಪತ್ತನ್ನೆಲ್ಲ ತಲೆ ಮೇಲೆ ಸುರಿಯುತ್ತೇವೆ. ಕೊನೆಗೆ ಪರೀಕ್ಷೆ. ಒಂದು ಸಲ ತಪ್ಪಿದರೆ ಇನ್ನೊಂದು ಅವಕಾಶವಿದೆ, ಎರಡನೆಯದೂ ತಪ್ಪಿದರೆ ಮನೆಗೆ ಹೋಗಬೇಕು.

ಈ ವರ್ಷ ಶಶಿರೇಖಾ ಹೂಗಾರ ಎಂಬಾಕೆ ಬಂದಿದ್ದಳು. ಅನೇಕ ವರ್ಷ ಸರಕಿನ ವಿಮಾನ ಹಾರಿಸಿದವಳು. ಆ ವಿಮಾನಗಳಲ್ಲಿ ಒಬ್ಬರಿಗೇ ಜಾಗ. ಜನರನ್ನು ಹೊತ್ತು ಹಾರಬೇಕೆಂಬುದು ಅವಳ ಬಹುದಿನದ ಆಸೆ. ಅದಕ್ಕಾಗಿ ಇದ್ದ ಕೆಲಸವನ್ನೂ ಬಿಟ್ಟು ಬಂದಿದ್ದಳು. ಜೋಡಿಯಾಗಿ ಸಿಕ್ಕವನು ಇಮ್ತಿಯಾಜ್ ಬಾಗವಾನ, ವಯಸ್ಸಿನಲ್ಲಿ ಚಿಕ್ಕವನು, ಸ್ವಲ್ಪ ಸಂಕೋಚದವನು. ಶಶಿರೇಖಾಳ ಕೈ ಎಷ್ಟು ಚುರುಕೆಂದರೆ ನಾನೇ ಬೆರಗಾಗಿದ್ದೆ.

ಪರೀಕ್ಷೆಯ ದಿನ ಹುಸಿವಿಮಾನ ನೆಲ ಬಿಟ್ಟು ಮೇಲೇರಿದ ಮೇಲೆ ಒಂದು ಎಂಜಿನ್ ಕೆಡಿಸಿದೆವು. ಹಾರಿಸುತ್ತಿದ್ದವನು ಇಮ್ತಿಯಾಜ್, ಕೆಟ್ಟ ಎಂಜಿನ್ನಿನ ಎಣ್ಣೆ ನಿಲ್ಲಿಸುವುದು ಶಶಿರೇಖಾಳ ಪಾಲಿಗೆ ಬಂತು. ಎರಡು ಎಂಜಿನ್ನಿಗೂ ಬೇರೆ ಬೇರೆ ಹಿಡಿಕೆ. ಕೆಟ್ಟದ್ದರ ಹಿಡಿಕೆಯ ಮೇಲೆ ಕೈಯಿಟ್ಟು 'ಇದೇನಾ?' ಎಂದು ಕೇಳಬೇಕು, ಪಕ್ಕದವರು ನೋಡಿ 'ಇದೇ' ಎಂದ ಮೇಲೆ ಎಳೆಯಬೇಕು. ಆಕೆ ಕೇಳಿದಳು, ಅದೇ ಉಸಿರಿನಲ್ಲಿ ತಾನೇ 'ಇದೇ' ಎಂದು ಉತ್ತರ ಕೊಟ್ಟಳು, ಎಳೆದೂಬಿಟ್ಟಳು. ಇಮ್ತಿಯಾಜ್ ಬಾಯಿ ತೆರೆದವನು ತೆರೆದ ಹಾಗೇ ಇದ್ದ. ಕಾಗದದ ಗೂಡಿನ ಮುಂದೆ ಅವಳು ಒಬ್ಬಳೇ ಕೂತು ಇಬ್ಬರ ಮಾತನ್ನೂ ಕಂಠಪಾಠ ಮಾಡಿದ್ದಳು. ಎಳೆದ ಹಿಡಿಕೆ ಸರಿಯಾಗಿಯೇ ಇತ್ತು. ಆದರೂ ಪರೀಕ್ಷಕರು ಅವಳನ್ನು ಫೇಲ್ ಮಾಡಿದರು.

ಮರುದಿನದಿಂದ ನಾನು ಇಬ್ಬರನ್ನೂ ಗೂಡಿನ ಮುಂದೆ ಕೂರಿಸಿದೆ. ಉತ್ತರವನ್ನು ಬೇಕೆಂದೇ ತಡ ಮಾಡು, ಬೇಕಾದರೆ ಚಹಾ ಕುಡಿದು ಬಂದು ಹೇಳು ಎಂದು ಇಮ್ತಿಯಾಜ್‌ಗೆ ತಾಕೀತು ಮಾಡಿದೆ. ಅವನು ನಿಜಕ್ಕೂ ಎದ್ದು ಹೋಗಿ ಚಹಾ ಕುಡಿದು ಬಂದ. ಶಶಿರೇಖಾ ಗೋಡೆಯ ಚಿತ್ರದ ಮೇಲೆ ಕೈಯಿಟ್ಟುಕೊಂಡು, ತುಟಿ ಕಚ್ಚಿ, ನನ್ನನ್ನು ಮನಸ್ಸಿನಲ್ಲೇ ಬೈಯುತ್ತಾ ಕೂತಿದ್ದಳು.

ಎರಡನೆಯ ಪರೀಕ್ಷೆಯಲ್ಲಿ ನಾನು ಹಿಂದೆ ಕೂತಿದ್ದೆ. ಈ ಸಲ ಬಲಗಡೆಯ ಎಂಜಿನ್ ನಿಂತಿತು. ಗಂಟೆ, ಕೆಂಪು ದೀಪ, ಅದುರಾಟ. ಗಾಬರಿಯಲ್ಲಿ ಅವಳ ಕೈ ಎಡಗಡೆಯ ಹಿಡಿಕೆಯ ಮೇಲೆ ಹೋಗಿ ಕೂತಿತು. ಎಳೆದರೆ ಇದ್ದೊಂದು ಎಂಜಿನ್ನೂ ಹೋಗುತ್ತದೆ. ನಾನು ಬಾಯಿ ಬಿಡುವಂತಿರಲಿಲ್ಲ. ಆಕೆ ಕೇಳಿದಳು. ಕಾದಳು. ಇಮ್ತಿಯಾಜ್ ಕಣ್ಣು ಹೊರಳಿಸಿ ನೋಡಿದ.

"ಅದಲ್ಲ ಅಕ್ಕಾ, ಬಲಗಡೀದು," ಎಂದ.

ಅವಳು ಕೈ ತೆಗೆದು ಬಲಗಡೆಗೆ ಇಟ್ಟು, ಮತ್ತೆ ಕೇಳಿ, ಮತ್ತೆ ಕಾದು, ಎಳೆದಳು. ಇಬ್ಬರೂ ಸೇರಿ ಒಂದೇ ಎಂಜಿನ್ನಿನಲ್ಲಿ ಇಳಿಸಿದರು. ಪರೀಕ್ಷಕರು ಮರುಮಾತಿಲ್ಲದೆ ಪಾಸ್ ಎಂದು ಬರೆದರು. ಹೊರಗೆ ಬಂದ ಶಶಿರೇಖಾ ಅಳುತ್ತಲೇ ನನ್ನ ಮೇಲೆ ಜಗಳಕ್ಕೆ ಬಂದಳು.

"ಮ್ಯಾಡಮ್, ಮೊದಲ ಸಲ ಕೈ ಸರಿ ಇತ್ತು, ಫೇಲ್ ಮಾಡಿದ್ರಿ. ಈ ಸಲ ಕೈ ತಪ್ಪಿತ್ತು, ಪಾಸ್ ಮಾಡೀರಿ. ಇದ್ಯಾವ ನ್ಯಾಯಾರೀ?"

ನಾನು ಇಮ್ತಿಯಾಜ್‌ನ ಕಡೆ ಬೆರಳು ತೋರಿಸಿದೆ. ಅವಳು ಅವನ ಕಡೆ ತಿರುಗಿ, ಕಣ್ಣೊರೆಸಿಕೊಂಡು ಅವನ ಕೈ ಕುಲುಕಿದಳು.

ಮೊನ್ನೆ ಶಶಿರೇಖಾ ಮೊದಲ ಸಲ ಜನರನ್ನು ಹೊತ್ತು ಹಾರಿದಳು. ಜನ ಇಳಿಯುವಾಗ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿದಳಂತೆ. ಒಬ್ಬ ಹೆಂಗಸು ಮಾತ್ರ ನಿಂತು, ಉಪ್ಪಿಟ್ಟು ತಣ್ಣಗಾಗಿತ್ತೆಂದು ಬೈದು ಹೋದಳಂತೆ. ಅದನ್ನು ಹೇಳುವಾಗ ಶಶಿರೇಖಾಳ ಮುಖ ನೋಡಬೇಕಿತ್ತು, ಅಷ್ಟು ಖುಷಿ. ಆ ಹೆಂಗಸಿಗೆ ಬೈಯಲು ಉಪ್ಪಿಟ್ಟು ಬಿಟ್ಟು ಬೇರೇನೂ ಸಿಕ್ಕಿರಲಿಲ್ಲವಲ್ಲ.

ನಿಮ್ಮಲ್ಲಿ ನನ್ನದೊಂದು ಸ್ವಂತದ ಕೋರಿಕೆ. ನನ್ನ ಮುತ್ತಜ್ಜಿಯ ತಾಯಿ ನಿಮ್ಮ ಕಾಲದವಳು. ಅವಳಿಗೆ ಇನ್ನೂ ಮದುವೆಯಾಗಿಲ್ಲ. ಒಂದಲ್ಲ ಒಂದು ದಿನ ನಿಮ್ಮ ಯಾವುದೋ ವಿಮಾನದಲ್ಲಿ ಕಿಟಕಿಯ ಪಕ್ಕ ಕೂತಿರುತ್ತಾಳೆ. ಅವತ್ತು ಹಿಡಿಕೆಯ ಮೇಲೆ ಕೈಯಿಟ್ಟವರು ಪಕ್ಕದವರ ಉತ್ತರ ಬರುವವರೆಗೆ ದಯವಿಟ್ಟು ಕಾಯಿರಿ. ಅವಳೂ ಉಪ್ಪಿಟ್ಟನ್ನು ಬೈದುಕೊಂಡೇ ಇಳಿದು ಹೋಗಲಿ.

ಇಂತಿ ನಿಮ್ಮ,
ಜಗದೇವಿ ಕಟ್ಟಿಮನಿ