ಸೀಟ್ ಬೆಲ್ಟಿನ ಕೊನೆಯ ಗೇಣು

ಲಾಂಡ್ರಿ ಅಂಗಡಿ,
ಮಂಗಳವಾರ, ಊಟದ ಹೊತ್ತು

ಪ್ರೀತಿಯ ತಮ್ಮ ಗುಬ್ಬಿಗೆ,

ಹೇಗಿದ್ದೀಯೋ? ಹೊಟ್ಟೆನೋವು ವಾಸಿಯಾಯಿತೇ? ಹಡಗಿನ ಅಡುಗೆಯವನ ಮೇಲೆ ಮುನಿಸಿಕೊಂಡು ಉಪವಾಸ ಕೂರಬೇಡ. ರಮಿಸಿ ಇನ್ನೊಂದು ತಟ್ಟೆ ತಂದಿಡಲು ಅವನೇನೂ ನಿನ್ನ ಅಕ್ಕನಲ್ಲ. ಕಳೆದ ವಾರದಿಂದ ನಿನ್ನ ಫೋನು ಸಿಗುತ್ತಿಲ್ಲ. ಕಂಪನಿಯ ಆಫೀಸಿನಲ್ಲಿ ವಿಚಾರಿಸಿದೆ. ಹಡಗು ನಡುಸಮುದ್ರದಲ್ಲಿದೆ, ಅಲ್ಲಿ ಸಿಗ್ನಲ್ ಇರುವುದಿಲ್ಲ, ಕಾಗದ ಕೊಟ್ಟರೆ ಮುಂದಿನ ಬಂದರಿನಲ್ಲಿ ತಲುಪಿಸುತ್ತೇವೆ ಅಂದರು. ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದಷ್ಟೇ ಇದೆ, ಬಾಯಿ ಮಾತ್ರ ಇನ್ನಷ್ಟು ಗಟ್ಟಿಯಾಗಿದೆ. ನಿನ್ನ ಭಾವ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ, ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತೇ ಇದ್ದಾರೆ.

ಈಗ ನಿನ್ನ ಕಾರಿನ ವಿಷಯ. ಫೋನಿನಲ್ಲಿ ಫೋಟೋ ನೋಡಿ ಮರುಳಾಗಿ, ಬಂದಿಳಿದ ದಿನವೇ ತೆಗೆದುಕೊಳ್ಳುತ್ತೇನೆ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತೇನೆ ಎಂದು ಕುಣಿದೆಯಲ್ಲ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ ಆ ಎರಡು ಬಾಗಿಲಿನ ನೀಲಿ ಸ್ಪೋರ್ಟ್ಸ್ ಕಾರು, ಅದನ್ನು ಭಾನುವಾರ ನಾನೂ ನಿನ್ನ ಭಾವನೂ ನೋಡಿ ಬಂದೆವು. ನೀನು ಹಿಡಿದ ಹಟ ಬಿಡದವನು ಎಂದು ಗೊತ್ತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಎಲ್ಲರೂ ಚಪ್ಪಲಿ ಹಾಕಿಕೊಂಡು ಗಾಡಿ ಓಡಿಸಿದರೆ ನೀನು ಅದನ್ನು ಕಳಚಿ ಕೆಳಗಿಟ್ಟು ಬರಿಗಾಲಲ್ಲಿ ಹತ್ತುವವನು. ಗಾಡಿ ಹೇಳುವುದು ಅಂಗಾಲಿಗೆ ಕೇಳಿಸಬೇಕು ಎಂಬುದು ನಿನ್ನ ವೇದಾಂತ. ಭಾವನ ಹಳೆಯ ಕಾರು ತೆಗೆದುಕೊಂಡು ಹೋದಾಗಲೆಲ್ಲ ಬೀದಿಯಲ್ಲಿ ಬಿದ್ದಿರುತ್ತಿದ್ದ ನಿನ್ನ ಚಪ್ಪಲಿ ಎತ್ತಿಟ್ಟು ಎತ್ತಿಟ್ಟು ನನ್ನ ಸೊಂಟ ಬಿದ್ದುಹೋಗಿದೆ. ಈ ಸಲವಾದರೂ ಅಕ್ಕನ ಮಾತು ಕೇಳು.

ಡೀಲರ್‌ಗೆ ನಾನು ನಗುಮುಖ ಎಂದು ಹೆಸರಿಟ್ಟಿದ್ದೇನೆ. ಬಾಯಿ ತೆಗೆದರೆ ಬೆಣ್ಣೆ. "ಒಬ್ರೇ ಓನರ್ ಅಕ್ಕಾ, ವಯಸ್ಸಾದ ಡಾಕ್ಟ್ರು. ರಜದ ದಿನ ಮಾತ್ರ ಹೊರಗೆ ತೆಗೀತಿದ್ರು" ಅಂದ. ಡಾಕ್ಟರ ಹೆಸರು ಕೇಳಿದೆ, ನೆನಪಾಗಲಿಲ್ಲ. ಹಳೆಯ ಕಾಗದಪತ್ರ ಕೇಳಿದೆ, ಆಫೀಸಿನ ಬೀಗದ ಕೈ ಇನ್ಯಾರ ಹತ್ತಿರವೋ ಇತ್ತು. ನಮ್ಮ ಮೆಕ್ಯಾನಿಕ್ಕನನ್ನು ಕರೆತರುತ್ತೇವೆ ಎಂದರೆ, "ಅಷ್ಟರಲ್ಲಿ ಬೇರೆ ಪಾರ್ಟಿ ತಗೊಂಡು ಹೋಗ್ಬಿಟ್ರೆ ನನ್ನ ಬೈಬೇಡಿ" ಅಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಆಗಲೇ ಅನ್ನಿಸಿತು. ಆದರೂ ನಿನ್ನ ಮುಖ ನೆನೆದು ಬಾಗಿಲು ತೆಗೆದೆ.

ಸೆಂಟಿನ ವಾಸನೆ ಗಪ್ಪೆಂದು ಬಡಿಯಿತು. ಆದರೆ ದಿನವಿಡೀ ಊರವರ ಬಟ್ಟೆ ಒಗೆಯುವವಳು ನಾನು. ಸೆಂಟಿನ ಅಡಿಯಲ್ಲಿ ನೆನೆದು ಮುದುಡಿಬಿದ್ದ ಬಟ್ಟೆಯ ಮುಗ್ಗಲು ಇತ್ತು. ಸೀಟ್ ಬೆಲ್ಟ್ ಎಳೆದೆ. ಎದೆಗೆ ಬರುವಷ್ಟು ಉದ್ದ ಹೊಚ್ಚಹೊಸದರಂತೆ ಇತ್ತು. ಬಿಡದೆ ಪೂರ್ತಿ ಎಳೆದರೆ, ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಆ ಕೊನೆಯ ಗೇಣಿನಲ್ಲಿ ಒಣಗಿದ ಕೆಸರು. ಬೆರಳಿಗೆ ಹಿಟ್ಟಿನಂತೆ ಅಂಟಿತು. ಹೊಳೆಯಲ್ಲೋ ಕೆರೆಯಲ್ಲೋ ಪೂರ್ತಿ ಮುಳುಗೆದ್ದ ಗಾಡಿ ಅದು. "ನೀರು ನುಗ್ಗಿತ್ತೇನಪ್ಪಾ?" ಎಂದು ಕೇಳಿದೆ. "ಒಂದು ಹನಿ ಮುಟ್ಟಿಲ್ಲಕ್ಕಾ" ಎನ್ನುತ್ತ ಕರ್ಚೀಫು ತೆಗೆದು ಒಣಗಿದ್ದ ಸೀಟನ್ನೇ ಒರೆಸತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅಲ್ಲಿಗೇ ಎದ್ದು ಬರಬೇಕಿತ್ತು. ನಿನ್ನ ಭಾವ ಒಂದು ಸಲ ಸ್ಟಾರ್ಟ್ ಮಾಡುತ್ತೇನೆಂದು ಒಳಗೆ ಕೂತು ಬಾಗಿಲು ಹಾಕಿಕೊಂಡರು. ಕೀ ತಿರುಗಿಸಿದ್ದೇ ತಡ, ಸುಡುಬಿಸಿಲಿನಲ್ಲಿ ವೈಪರುಗಳು ತಾವಾಗಿ ಹೊಡೆದುಕೊಳ್ಳತೊಡಗಿದವು. ಕಿಟಕಿ ಇಳಿಯಲಿಲ್ಲ. ಬಾಗಿಲು ಒಳಗಿನಿಂದ ತೆಗೆಯಲಾಗಲಿಲ್ಲ. ನಾನು ಹೊರಗಿನಿಂದ ಎಳೆದು ತೆಗೆದಾಗ ಇಳಿದರು, ಮೈಯೆಲ್ಲ ಬೆವೆತಿತ್ತು. "ವೈರಿಂಗ್ ಸ್ವಲ್ಪ ಸರಿ ಮಾಡ್ಬೇಕು, ಅಷ್ಟೇ" ಅಂದ ನಗುಮುಖ. ನಿನ್ನ ಭಾವ ನನ್ನ ಕೈ ಹಿಡಿದು ಕಾರಿನ ಒಳಚಾವಣಿಗೆ ಮುಟ್ಟಿಸಿದರು. ಡ್ರೈವರ್ ಸೀಟಿನ ನೇರ ಮೇಲೆ, ಚಾವಣಿಯ ಬಟ್ಟೆಯಲ್ಲಿ ಎರಡು ಅಂಗೈ ಗುರುತು. ಕೆಳಗಿನಿಂದ ಯಾರೋ ಜೀವ ಬಿಟ್ಟು ಒತ್ತಿದಂತೆ ಬಟ್ಟೆ ಒಳಗೆ ಕೂತಿತ್ತು. ನನ್ನ ಕೈ ಇಟ್ಟು ನೋಡಿದೆ, ನನ್ನದಕ್ಕಿಂತ ದೊಡ್ಡದು, ಹೆಚ್ಚುಕಡಿಮೆ ನಿನ್ನ ಕೈಯಷ್ಟು. ಉಳಿದ ಬಟ್ಟೆಯೆಲ್ಲ ಬಿಸಿಲಿಗೆ ಕಾದಿತ್ತು. ಆ ಎರಡು ಗುರುತು ಮಾತ್ರ ತಣ್ಣಗೆ ಒದ್ದೆಯಾಗಿದ್ದವು. ನನಗೆ ಹೆದರಿಕೆಯಾಯಿತು ಕಣೋ. ಮನೆಗೆ ಬಂದು ಕೈ ತೊಳೆದೇ ತೊಳೆದೆ.

ಆದ್ದರಿಂದ ಆ ಕಾರು ಬೇಡ. ಬೇರೆ ಯಾವುದಾದರೂ ನೋಡೋಣ, ಹಗಲು ಹೊತ್ತಿನಲ್ಲಿ, ನಮ್ಮ ಮೆಕ್ಯಾನಿಕ್ಕನನ್ನು ಜೊತೆಗಿಟ್ಟುಕೊಂಡು. ಮಾತು ಸಿಹಿಯಾದಷ್ಟೂ ಬೆಲ್ಟು ಪೂರ್ತಿ ಎಳೆದು ನೋಡುವುದು ಎಂದು ನಾನು ಕಲಿತೆ. ಅಂಥ ಗಾಡಿಯಲ್ಲಿ ನೀನು ಅಮ್ಮನನ್ನು ಕೂರಿಸಿಕೊಂಡು ಹೋಗುವುದನ್ನು ನೆನೆದರೆ ನನಗೆ ಅನ್ನ ಸೇರುವುದಿಲ್ಲ. ಕೋಪ ಬಂದರೆ ಬಂದು ಬೈಯಿ, ಇನ್ನೆರಡು ತಿಂಗಳು ತಾನೇ. ಅಮ್ಮ ನಿನ್ನ ತಲೆ ನೇವರಿಸಿದ್ದಾಳೆ ಎಂದು ಬರೆಯಲು ಹೇಳಿದಳು. ಭಾವ ಕೇಳಿದ್ದಾರೆ. ಮೈ ಬೆಚ್ಚಗಿಟ್ಟುಕೊಂಡು ಚೆನ್ನಾಗಿರು.

ನಿನ್ನ ಬೈಗುಳದ
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಗುಮುಖ ಫೋನ್ ಮಾಡಿದ. "ಅಕ್ಕಾ, ನಿಮ್ಮ ತಮ್ಮ ಬೆಳಿಗ್ಗೆ ಬಂದಿದ್ರಲ್ಲ, ನಿಮ್ಮದೇ ಮುಖ. ಒಂದೂ ಮಾತಾಡ್ಲಿಲ್ಲ, ಕಾರಲ್ಲಿ ಕೂತ್ಕೊಂಡ್ರು. ಚಪ್ಪಲಿ ಹೊರಗೇ ಬಿಟ್ಟಿದ್ರು. ಆಮೇಲೆ ನೋಡಿದ್ರೆ ಚಪ್ಪಲಿ ಇದೆ, ಅವರಿಲ್ಲ. ಸೀಟೆಲ್ಲ ತೊಯ್ದು ತೊಪ್ಪೆಯಾಗಿದೆ, ನೀವೇ ಬಂದು ಒಣಗಿಸಿಕೊಡ್ತೀರಾ?" ಅಂದ. ಅವನು ನಿನ್ನನ್ನು ಕಣ್ಣಲ್ಲಿ ಕಂಡವನೂ ಅಲ್ಲ. ಕಾರು ಸಾಗಹಾಕಲು, ಸೀಟಿನ ತೇವ ಮುಚ್ಚಿಡಲು ಕಟ್ಟಿದ ಕತೆ ಎಂದುಕೊಂಡಿದ್ದೇನೆ. ಚಪ್ಪಲಿಯ ವಿಷಯ ಭಾನುವಾರ ನಾನೇ ಬಾಯಿಬಿಟ್ಟಿರಬೇಕು. ಹೇಳಿದ್ದೆನೇ ಎಂದು ನಿನ್ನ ಭಾವನನ್ನು ಕೇಳಿದೆ. ಹೇಳಿರ್ತೀಯ ಬಿಡು ಅಂದರು, ನನ್ನ ಮುಖ ನೋಡಲಿಲ್ಲ. ಕಂಪನಿಯ ಆಫೀಸಿನಲ್ಲಿ ಈಗ ಫೋನೇ ಎತ್ತುತ್ತಿಲ್ಲ. ಗುಬ್ಬಿ, ಆ ಮನುಷ್ಯ ಹೇಳಿದ್ದೆಲ್ಲ ಸುಳ್ಳು, ಇದೂ ಸುಳ್ಳೇ ಆಗಿರಲಿ. ಕಾಗದ ಸಿಕ್ಕ ಕೂಡಲೇ ನಿನ್ನ ಕೈಯಾರೆ ಒಂದೇ ಒಂದು ಸಾಲು ಬರೆ. ಬೇಕಾದರೆ ಆ ಕಾರನ್ನೇ ತೆಗೆದುಕೋ, ನಾನು ಬೇಡವೆನ್ನುವುದಿಲ್ಲ. ನೀನು ಬಾ.