ಪಡಸಾಲೆಯ ಮೂರು ಚೀಲ

ದೀಪಿಕಾಳ ಅಪ್ಪಾರಿಗೆ,

ರೊಟ್ಟಿ ಬುಟ್ಟಿಯಲ್ಲಿವೆ. ಪುಂಡಿಪಲ್ಯ ಬೋಗುಣಿಯಲ್ಲಿದೆ. ಹಾಲು ಕಾಯಿಸಿದ್ದೇನೆ.

ನಿನ್ನೆ ದೀಪಿಕಾ ಫೋನಿನಲ್ಲಿ, "ಯವ್ವಾ, ಗೋಕರ್ಣಕ್ಕ ಮೂರು ಸಲ ಹೋಗಿ ಬಂದೀ ಅಲ್ಲ, ಯಾರೂ ನೋಡಲಾರದ ಜಾಗ ಯಾವ್ಯಾವ ಅದಾವ ಹೇಳು" ಎಂದಳು. ನನಗೆ ಗೊತ್ತಿದ್ದದ್ದನ್ನು ಹೇಳಿದೆ: ಬಸ್‌ಸ್ಟ್ಯಾಂಡಿನ ನಾಲ್ಕನೆಯ ಕಂಬ, ಮಧ್ಯಾಹ್ನವೂ ತಂಪಾಗಿರುತ್ತದೆ. ಚಪ್ಪಲಿ ಬಿಡುವ ಕಟ್ಟೆ. ಲಾಡ್ಜಿನ ಹಿಂದಿನ ಮೆಟ್ಟಿಲು, ಅಲ್ಲಿಗೆ ಕಡಕ್ ರೊಟ್ಟಿ ತಿನ್ನುವ ಆಕಳೊಂದು ಬರುತ್ತದೆ. ಪಕ್ಕದಲ್ಲೇ ಕೂತು ಕೇಳುತ್ತಿದ್ದ ನೀವು ಕೆಮ್ಮು ಬರುವಷ್ಟು ನಕ್ಕಿರಿ. "ಸಮುದ್ರ ಒಂದು ಬಿಟ್ಟು ಎಲ್ಲಾ ನೋಡ್ಯಾಳ ನಿಮ್ಮವ್ವ!" ಎಂದಿರಿ.

ಮೂರು ಸಲವೂ "ನೀ ಚೀಲ ನೋಡ್ಕೋತ ಕೂಡು, ಈಗ ಬಂದ್ವಿ" ಎಂದು ಹೋದವರು ನೀವೇ. ಮೂರು ಸಲವೂ ಒದ್ದೆ ಪ್ಯಾಂಟಿನಲ್ಲಿ ಬಂದು, "ನಡಿ, ಬಸ್ಸಿಗೆ ಹೊತ್ತಾತು" ಎಂದವರೂ ನೀವೇ.

ಅದಕ್ಕೇ ಪಕ್ಕದ ಮನೆಯ ಶಾಂತಕ್ಕನ ಜೊತೆ ಸಮುದ್ರ ನೋಡಲು ಹೊರಟಿದ್ದೇನೆ. ಚೀಲ ಒಯ್ಯುತ್ತಿಲ್ಲ. ಇಬ್ಬರೂ ಒಂದರ ಮೇಲೊಂದು ಎರಡೆರಡು ಸೀರೆ ಉಟ್ಟಿದ್ದೇವೆ.

ಗೋಕರ್ಣಕ್ಕೆ ಒಯ್ಯುತ್ತಿದ್ದ ಮೂರೂ ಚೀಲ ಪಡಸಾಲೆಯಲ್ಲಿವೆ. ಅವುಗಳ ಹತ್ತಿರ ಕೂತಿರಿ. ಒಳಗೇನಿದೆ ಎಂದು ಕೇಳಬೇಡಿ, ನಾನೂ ಕೇಳಿರಲಿಲ್ಲ. ಒಂದಕ್ಕೆ ಹೋಗುವುದಿದ್ದರೆ ಎದುರುಮನೆಯ ಅಮೀನಸಾಬರನ್ನು ಕೂರಿಸಿ ಹೋಗಿ.

ಈಗ ಬಂದ್ವಿ.