ಬಾಗಿಲಿಗೆ ಬಾರದ ಕರೆಯೋಲೆ

ಚಳ್ಳಕೆರೆ
೨೦ ಜೂನ್ ೧೯೯೯

ಪ್ರೀತಿಯ ಆಯೇಷಾ,

ಹೇಗಿದ್ದೀಯಾ ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಸಮಾವೇಶ ಮುಗಿದು ವಾರವಾಯಿತು. ದಿನಾ ಬರೆಯಲು ಕೂರುವುದು, ಏನೋ ನೆಪ ಹುಡುಕಿ ಏಳುವುದು. ನೆಪ ಹುಡುಕುವುದರಲ್ಲಿ ನಾನೆಷ್ಟು ಜಾಣೆ ಎಂದು ಕಾಲೇಜಿನಿಂದಲೂ ನಿನಗೆ ಗೊತ್ತು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಾವಿಬ್ಬರೂ ಬೇಸಿಗೆಯೆಲ್ಲ ತಲೆ ಕೆಡಿಸಿಕೊಂಡ ಫಾಕ್ಸ್‌ಪ್ರೊ ಬಳಕೆದಾರರ ಸಮಾವೇಶ ಚೆನ್ನಾಗಿಯೇ ಆಯಿತು. ಅಮಾವಾಸ್ಯೆಯ ದಿನವೇ ಇಡೋಣ ಎಂದ ನಿನ್ನ ಬುದ್ಧಿಗೆ ಶರಣು. ಎಣ್ಣೆ ಮಿಲ್ಲು, ಮಂಡಿ, ನಿಮ್ಮೂರಿನ ಮಗ್ಗ ಎಲ್ಲಕ್ಕೂ ಅಂದು ರಜೆ, ಹಾಗಾಗಿ ಆ ಕಂಪ್ಯೂಟರ್ ಭಾಷೆಯಲ್ಲಿ ಲೆಕ್ಕದ ಪ್ರೋಗ್ರಾಮ್ ಬರೆಯುವವರು, ಬರೆಸುವವರು ಎಲ್ಲ ಬಂದರು. ಬೆಂಗಳೂರಿನ ಮೇಷ್ಟ್ರು ಮಾತ್ರ ಅಮಾವಾಸ್ಯೆ ದಿನ ಪ್ರಯಾಣ ಬೇಡವೆಂದು ಫೋನಿನಲ್ಲೇ ಹರಸಿದರು. ಕಂಪ್ಯೂಟರ್ ಕಲಿಸುವವರು ಬೇರೆ!

ಬಂದವರಿಗೆಲ್ಲ ಒಂದೇ ಭಯ. ಇಸವಿಗೆ ಎರಡೇ ಅಂಕಿ ಇಟ್ಟು ಬರೆದ ಪ್ರೋಗ್ರಾಮುಗಳು ಎರಡು ಸಾವಿರವನ್ನು ಸಾವಿರದ ಒಂಬೈನೂರು ಎಂದುಕೊಂಡರೆ ಗತಿಯೇನು? ಅದಕ್ಕೆ ನೀನು ಕಂಡುಕೊಂಡ ಉಪಾಯ ಕೇಳಲೆಂದೇ ಬಂದಿದ್ದರು. ನೆನಪಿದೆಯಾ, ಮಂಡಿ ಮಲ್ಲಿಕ್ ಮೊದಲ ಸಭೆಯಲ್ಲೇ "ಆಯೇಷಾನ ಮಾತೇ ಮೊದ್ಲು ಇಡಾಣ. ತ್ರಿವೇಣಿ ಸ್ವಾಗತ ಮಾಡ್ಲಿ, ಸಾಕು" ಎಂದಿದ್ದು? ನಾವಿಬ್ಬರೂ ನಕ್ಕಿದ್ದೆವು.

ಕಾರ್ಡು ಹಿಡಿದು ಇಲ್ಲಿನ ಒಂದೊಂದು ಮಂಡಿಗೂ ಹೋದೆ, ತಳಕಿಗೂ ಹೋಗಿ ಕರೆದು ಬಂದೆ. ನಿಮ್ಮ ಮನೆಗೆ ಬರಲು ಮಾತ್ರ ಪುರುಸೊತ್ತಾಗಲಿಲ್ಲ. ನಮ್ಮವಳೇ ತಾನೆ ಎಂದು ನಿನ್ನ ಕಾರ್ಡನ್ನು ಬಸ್ಸಿನಲ್ಲಿ ಕಳಿಸಿದೆ. ನಿಮ್ಮ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಜಯಕ್ಕ ಮನೆಗೆ ತಲುಪಿಸಿದಳಂತೆ.

ಮೊನ್ನೆ ನಿನ್ನ ತಮ್ಮ ಅಜ್ಮತ್ ಗ್ಯಾರೇಜಿಗೆ ಸಾಮಾನು ಕೊಳ್ಳಲು ಬಂದವನು ನಮ್ಮ ಕಂಪ್ಯೂಟರ್ ಸೆಂಟರಿಗೂ ಬಂದಿದ್ದ. ಎಷ್ಟು ಹೇಳಿದರೂ ಕೂರಲಿಲ್ಲ.

"ನಮ್ಮ ಅಬ್ಬಾ ಬ್ಯಾಡ ಅನ್ಲಿಲ್ಲ ಅಕ್ಕಾ. ಕಾರ್ಡ್ ಬಂದೈತೆ, ಸರಿ, ಹೆಣ್ಮಗಳನ್ನ ಕಳ್ಸಬೇಕಂದ್ರೆ ಬಾಗ್ಲಿಗೆ ಬಂದು ಒಂದ್ ಮಾತು ಕರೀಬೇಕಲ್ವಾ, ತ್ರಿವೇಣಿ ಬರ್ಲಿ, ನಾನೇ ಬಸ್ ಹತ್ತಿಸ್ತೀನಿ ಅಂದ್ರು. ಆಪಾ ಹಿಂದಿನ್ ದಿನ ಶನಿವಾರ ಕತ್ಲಾಗೋ ತನಕ ಬಾಗ್ಲಲ್ಲೇ ಕುಂತಿದ್ಳು" ಎಂದ.

ಟೀ ತರಿಸುತ್ತೇನೆ ಎಂದು ಎದ್ದೆ, ಅಷ್ಟರಲ್ಲಿ ಅವನು ಹೋಗಿಯಾಗಿತ್ತು.

ಇನ್ನೊಂದು ಹೇಳಬೇಕು. ಅಂದು ನಿನ್ನ ಕುರ್ಚಿ ಖಾಲಿ ಇದ್ದದ್ದನ್ನು ನೋಡಿ ಮಲ್ಲಿಕ್ "ಎಲ್ಲಮ್ಮಾ ನಿನ್ ಗೆಳತಿ?" ಎಂದರು. "ಮನೇಲಿ ಕಳಿಸಲಿಲ್ಲ ಅನ್ಸುತ್ತೆ" ಎಂದುಬಿಟ್ಟೆ. ಎಲ್ಲರೂ ಎಷ್ಟು ಸುಲಭವಾಗಿ ತಲೆಯಾಡಿಸಿದರು ಗೊತ್ತಾ? ಕಾಲೇಜಿನ ದಿನಗಳಲ್ಲಿ ನಿನಗೆ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟೇ ಗ್ಯಾರೇಜು ತೆರೆಯುತ್ತಿದ್ದ ನಿನ್ನ ಅಬ್ಬಾ, ನಮ್ಮ ಖಾಸಿಂ ಚಾಚಾ ಮೇಲೆ ಆ ಮಾತು ಹೊರಿಸಿದೆನಲ್ಲ, ನನ್ನ ನಾಲಿಗೆಗೆ ಏನು ಬಂದಿತ್ತೋ. ನಿನ್ನ ಉಪಾಯವನ್ನು ನಾನೇ ವಿವರಿಸಿದೆ. ಕೊನೆಯಲ್ಲಿ ನಿನ್ನ ಹೆಸರೂ ಹೇಳಿದೆ, ಆಗಲೇ ಚಪ್ಪಾಳೆ ಶುರುವಾಗಿತ್ತು. ಶಾಲು ನನಗೆ ಹೊದಿಸಿದರು. ಬೀರುವಿನಲ್ಲಿಟ್ಟವಳು ಮತ್ತೆ ತೆಗೆದಿಲ್ಲ.

ಮುಂದಿನ ಭಾನುವಾರ ಬರುತ್ತೇನೆ. ಚಾಚಾ ಎದುರು ನಿಂತು ಎಲ್ಲ ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ. ಅಮ್ಮಿಯ ಕಾಲುನೋವು ಬೇಗ ವಾಸಿಯಾಗಲಿ. ನೀನು ಕೈ ಹಾಕಿದ್ದೆಲ್ಲ ಚೆನ್ನಾಗಲಿ, ಈ ಮಾತನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ
ತ್ರಿವೇಣಿ

ತಾ.ಕ.: ಪುರುಸೊತ್ತಾಗಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಸಮಾವೇಶದ ಹಿಂದಿನ ಬುಧವಾರ ನಾನು ಮೊಳಕಾಲ್ಮೂರಿಗೆ ಬಂದಿದ್ದೆ, ಕಾರ್ಡಿನ ಜೊತೆ ಅಮ್ಮಿಗೆಂದು ಮೈಸೂರುಪಾಕನ್ನೂ ಹಿಡಿದು. ನಿಮ್ಮ ಕಿಟಕಿ ತೆರೆದಿತ್ತು. ನೀನು ಅಮ್ಮಿಯನ್ನು ಎದುರಿಗೆ ಕೂರಿಸಿಕೊಂಡು ಭಾಷಣ ಅಭ್ಯಾಸ ಮಾಡುತ್ತಿದ್ದೆ. ಕಂಪ್ಯೂಟರ್ ಮುಟ್ಟಿಯೇ ಇರದ ಅಮ್ಮಿ "ಅರೇ, ಇತ್ತಾಚ್ ಕ್ಯಾ?" ಇಷ್ಟೇನಾ ಎಂದು ನಕ್ಕರು. ಅವರಿಗೂ ಅರ್ಥವಾಗುವ ಹಾಗೆ ಹೇಳಿದ್ದೆ ನೀನು. ನನಗೆ ಹಾಗೆ ಹೇಳಲು ಎಂದೂ ಬರುವುದಿಲ್ಲ. ಹೊಟ್ಟೆ ಉರಿಯಿತು ಆಯೇಷಾ. ಹಾಗೆಯೇ ತಿರುಗಿ ಹೋಗಿ ಜಯಕ್ಕನ ಕೈಗೆ ಕಾರ್ಡು ಕೊಟ್ಟವಳು ನಾನೇ. ಬಂದು ಕರೆಯದಿದ್ದರೆ ಚಾಚಾ ನಿನ್ನನ್ನು ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು.